ವಿಭೂತಿ ಹಚ್ಚಿದ ಟ್ಯೂನರ್

2022ರ ಶ್ರಾವಣ. ಸವಣೂರಿನಲ್ಲಿ ನನ್ನದು ರೇಡಿಯೋ ರಿಪೇರಿ ಅಂಗಡಿ, ಆದರೆ ರೇಡಿಯೋ ಉಳಿದಿದ್ದು ಬೋರ್ಡಿನ ಮೇಲೆ ಮಾತ್ರ. ಮೇಜಿನ ಮೇಲೆ ಬರುತ್ತಿದ್ದುದು ಮಿಕ್ಸರ್, ಫ್ಯಾನು, ಮಕ್ಕಳು ಎಸೆದು ಒಡೆದ ಟಿವಿ ರಿಮೋಟು. ಹೊಟ್ಟೆಪಾಡಿಗೆ ಕೊರತೆ ಇರಲಿಲ್ಲ. ಆದರೂ ಹಳೆಯ ಸೆಟ್ಟೊಂದನ್ನು ಬಿಚ್ಚಿ ಎಷ್ಟು ದಿನವಾಯಿತೋ ಎಂದು ಕೈ ತುರಿಸುತ್ತಿತ್ತು.

ಅಂಥದ್ದರಲ್ಲಿ ಒಂದು ಗುರುವಾರ ಹತ್ತಿಮತ್ತೂರಿನ ಮಲ್ಲೇಶಪ್ಪನವರ ಫೋನ್ ಬಂತು. ಹತ್ತಿ ಬಿಡಿಸುವ ಜಿನ್ನಿಂಗ್ ಗಿರಣಿಯಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು, ಸಂಗೀತದ ಹುಚ್ಚಿನವರು. ಪ್ರಾಯದಲ್ಲಿ ಗಿರಣಿಯ ಕೆಲಸಕ್ಕೆಂದು ಮುಂಬೈಗೆ ಹೋಗಿ, ಒಂದು ವಿದೇಶಿ ಎಫ್‌ಎಂ ಟ್ಯೂನರನ್ನು ಹಾಸಿಗೆಯಲ್ಲಿ ಸುತ್ತಿಕೊಂಡು ತಂದವರು. ನಮ್ಮ ಕಡೆ ಆಗ ಎಫ್‌ಎಂ ಬಂದೇ ಇರಲಿಲ್ಲ! ಕೇಳಿದವರಿಗೆ, ಇವತ್ತಿಲ್ಲದಿದ್ದರೆ ನಾಳೆ ಬರುತ್ತದೆ ಎನ್ನುತ್ತಿದ್ದರಂತೆ.

"ಬಾಬಣ್ಣ, ಐತವಾರ ಮುಂಜಾನೆ ನಮ್ಮಾಕಿ ಹಾಡು ರೇಡಿಯೋದಾಗ ಬರ್ತೈತಿ. ಟ್ಯೂನರ್ ನೋಡಿದ್ರ ಬರೇ ಕರಕರ ಅನ್ನಾಕತ್ತೈತಿ. ಹೆಂಗರ ಮಾಡಿ ಬರ್ರಿ," ಎಂದರು.

ಟೂಲ್ ಪೆಟ್ಟಿಗೆ ಎತ್ತಿಕೊಂಡು ಅಂದೇ ಹತ್ತಿಮತ್ತೂರಿಗೆ ಹೋದೆ. ಮಲ್ಲೇಶಪ್ಪನವರು ನನ್ನನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ದನಿ ತಗ್ಗಿಸಿ ವಿಷಯ ಹೇಳಿದರು. ಅವರ ಹೆಂಡತಿ ಗಿರಿಜವ್ವ ಊರಿನ ಹೆಣ್ಣುಮಕ್ಕಳ ಭಜನಾ ಮಂಡಳಿಯ ಮುಂದಾಳು. ಮಂಡಳಿಯವರು ಧಾರವಾಡದ ರೇಡಿಯೋ ಕೇಂದ್ರಕ್ಕೆ ಹೋಗಿ ಹಾಡು ರೆಕಾರ್ಡ್ ಮಾಡಿಸಿ ಬಂದಿದ್ದರು. ವಾಪಸು ಬರುವಾಗ ಜೊತೆಯಾಕೆಯೊಬ್ಬಳು ತನ್ನ ಫೋನಿನಲ್ಲಿ ಹಿಡಿದುಕೊಂಡಿದ್ದ ಹಾಡನ್ನು ಬಸ್ಸಿನಲ್ಲೇ ಕೇಳಿಸಿದ್ದಾಳೆ. ಗಿರಿಜವ್ವ ತಮ್ಮ ದನಿಯನ್ನು ಹೊರಗಿನಿಂದ ಕೇಳಿದ್ದು ಜನ್ಮದಲ್ಲಿ ಅದೇ ಮೊದಲು. ಮನೆಗೆ ಬಂದವರೇ ಇನ್ನು ಹಾಡುವುದಿಲ್ಲ ಎಂದುಬಿಟ್ಟರು. ಮಂಡಳಿಗೆ ಬೇರೆಯವರನ್ನು ನೋಡಿಕೊಳ್ಳಲೂ ಹೇಳಿ ಕಳಿಸಿದ್ದರು.

"ತಗಡಿನ ಡಬ್ಬಿ ಬಡದಂಗ ಐತಿ ನನ್ನ ದನಿ ಅಂತಾಳ್ರೀ. ನಾ ಛಲೋ ಐತಿ ಅಂದ್ರ, ಗಂಡ ಮತ್ತೇನ ಅಂದಾನು ಅಂತಾಳ. ಆಕಿ ತನ್ನ ಕಿವೀಲೇ ಕೇಳಬೇಕು, ಬಾಬಣ್ಣ."

ಟ್ಯೂನರ್ ಅಂದರೆ ಪೂರ್ತಿ ರೇಡಿಯೋ ಅಲ್ಲ, ರೇಡಿಯೋದ ಕಿವಿ ಮಾತ್ರ. ಗಾಳಿಯಲ್ಲಿ ಬರುವ ಸಿಗ್ನಲ್ ಹಿಡಿಯುವುದಷ್ಟೇ ಅದರ ಕೆಲಸ. ಬಾಯಿಯ ಕೆಲಸಕ್ಕೆ ಆಂಪ್ಲಿಫೈಯರ್ ಮತ್ತು ಸ್ಪೀಕರ್ ಬೇರೆ ಇರುತ್ತವೆ. ಒಂದೇ ಕೆಲಸ ಇರುವುದರಿಂದ ಅದನ್ನು ಅಚ್ಚುಕಟ್ಟಾಗಿ ಮಾಡುತ್ತದೆ. ಹತ್ತಿಮತ್ತೂರಿನಂಥ ದೂರದ ಊರಿನಲ್ಲಿ ಕಿಸೆಯ ರೇಡಿಯೋ ಮುಗ್ಗರಿಸುವ ಕಡೆಯಲ್ಲೂ, ಒಳ್ಳೆಯ ಆಂಟೆನಾ ಕೊಟ್ಟರೆ ಹಳೆಯ ಟ್ಯೂನರ್ ಧಾರವಾಡವನ್ನು ಪಡಸಾಲೆಗೇ ತಂದು ಕೂರಿಸುತ್ತದೆ.

ಮುಚ್ಚಳ ತೆಗೆದೆ. ಸ್ಟೇಷನ್ ಹಿಡಿಯಲು ತಿರುಗಿಸುವ ಗುಂಡಿಯ ಹಿಂದೆ ಗ್ಯಾಂಗ್ ಕಂಡೆನ್ಸರ್ ಇರುತ್ತದೆ. ತೆಳ್ಳನೆಯ ಲೋಹದ ಹಾಳೆಗಳು ಒಂದರೊಳಗೊಂದು ತಾಗದಂತೆ ಸರಿಯಬೇಕು, ನಡುವೆ ಗಾಳಿ ಬಿಟ್ಟು ಬೇರೇನೂ ಇರಕೂಡದು. ಇಲ್ಲಿ ನೋಡಿದರೆ ಹಾಳೆಗಳ ನಡುವೆಲ್ಲ ಬೆಳ್ಳನೆಯ ಪುಡಿ, ಮಳೆಗಾಲದ ತೇವಕ್ಕೆ ಗಂಟುಗಟ್ಟಿತ್ತು. ನನ್ನ ಬಾಯಿ ಮೊದಲೇ ಸುಮ್ಮನಿರುವುದಲ್ಲ.

"ಯಾವ ಪುಣ್ಯಾತ್ಮ ಇದರೊಳಗ ಸುಣ್ಣ ಹೊಡದಾನ್ರೀ?" ಎಂದೆ.

ಚಹಾ ತರುತ್ತಿದ್ದ ಗಿರಿಜವ್ವ ಬಾಗಿಲಲ್ಲೇ ನಿಂತರು. "ಸುಣ್ಣ ಅಲ್ರಿ, ವಿಭೂತಿ. ಖಂಡೇನವಮಿಗೆ ನಾನ ಹಚ್ಚತೇನಿ. ಮ್ಯಾಲೆ ಅಷ್ಟ ಹಚ್ಚಿದ್ದೆ."

ಆಯುಧಪೂಜೆಗೆ ನಮ್ಮಲ್ಲಿ ಖಂಡೇನವಮಿ ಎನ್ನುತ್ತೇವೆ. ಕುಡುಗೋಲಿನಿಂದ ಹಿಡಿದು ಮೋಟಾರ್ ಸೈಕಲ್ಲಿನ ತನಕ ಅಂದು ಎಲ್ಲಕ್ಕೂ ವಿಭೂತಿ, ಕುಂಕುಮ. ಗಂಡನ ಪ್ರೀತಿಯ ಯಂತ್ರವೆಂದು ಗಿರಿಜವ್ವ ಟ್ಯೂನರಿನ ಮುಚ್ಚಳಕ್ಕೂ ಪ್ರತಿವರ್ಷ ಮೂರು ಬೆರಳಿನ ಪಟ್ಟೆ ಎಳೆಯುತ್ತಿದ್ದರು. ಆ ಮುಚ್ಚಳದಲ್ಲಿ ಬಿಸಿ ಹೊರಹೋಗಲೆಂದು ಸೀಳುಗಳಿದ್ದವು. ಒಣಗಿದ ವಿಭೂತಿ ಉದುರಿ ಉದುರಿ ನೇರ ಗ್ಯಾಂಗಿನ ಮೇಲೇ ಬಿದ್ದಿತ್ತು.

ಅವರ ಮುಖ ಬಾಡಿತು. "ನೋಡ್ರಿ, ನನ್ನ ದನೀನೂ ಹಂಗ, ಕೈನೂ ಹಂಗ. ಮುಚ್ಚಿಬಿಡ್ರಿ ಅದನ್ನ."

ನನಗೆ ಸಿಟ್ಟು ಬಂತು. ಯಾರ ಮೇಲೆ ಅಂತ ಗೊತ್ತಿಲ್ಲ, ಬಹುಶಃ ಆ ಫೋನಿನ ಮೇಲೆ. "ಅಕ್ಕಾರ, ಇಷ್ಟ ವರ್ಷ ಪೂಜಿ ಮಾಡಿಸಿಕೊಂಡ ಯಂತ್ರ ಅರ್ಧಕ್ಕ ಮುಚ್ಚೂ ಪೈಕಿ ಅಲ್ಲ ನಾ. ಐತವಾರ ಬಂದು ಇದರ ಮುಂದ ಕುಂದರ್ರಿ. ಕೇಳಿದ ಮ್ಯಾಲೂ ಹಾಡೂದು ಬಿಡಬೇಕು ಅನಿಸಿದ್ರ ಬಿಡ್ರಿ, ನಾ ಏನೂ ಅನ್ನಂಗಿಲ್ಲ," ಎಂದೆ. ಅವರು ಚಹಾ ಇಟ್ಟು ಒಳಗೆ ಹೋದರು.

ಗ್ಯಾಂಗಿನ ಹಾಳೆ ಒಂದಿಷ್ಟು ಬಾಗಿದರೂ ಸೆಟ್ಟಿನ ಕಥೆ ಮುಗಿದಂತೆ. ಮೆತ್ತನೆಯ ಬ್ರಷ್ಷಿನಿಂದ ಪುಡಿಯನ್ನು ಕಾಗದಕ್ಕೆ ಇಳಿಸಿದೆ. ಅದನ್ನು ತುಳಿಯುವ ಜಾಗದಲ್ಲಿ ಚೆಲ್ಲಲು ಮನಸ್ಸಾಗಲಿಲ್ಲ, ಮಲ್ಲೇಶಪ್ಪನವರ ಕೈಗೆ ಕೊಟ್ಟೆ. ಅವರು ಹಿತ್ತಲಿನ ಕಣಗಿಲೆಯ ಬುಡಕ್ಕೆ ಹಾಕಿಬಂದರು. ಉಳಿದದ್ದನ್ನು ಸ್ಪಿರಿಟ್‌ನಿಂದ ತೊಳೆದು ಆರಲು ಬಿಟ್ಟು ಮಾಳಿಗೆ ಹತ್ತಿದೆ. ಅಲ್ಲಿ ಮಂಗಗಳು ಜೋತುಬಿದ್ದು ಆಂಟೆನಾದ ಮುಖವನ್ನು ಹಿರೇಕೆರೂರಿನ ಕಡೆ ತಿರುಗಿಸಿಬಿಟ್ಟಿದ್ದವು! ನಮಗೆ ಬೇಕಾದ ಧಾರವಾಡ ವಾಯವ್ಯಕ್ಕಿದೆ. ತಿರುಗಿಸಿ ಬಿಗಿದೆ, ಕಿಲುಬು ಹಿಡಿದ ವೈರು ಬದಲಿಸಿದೆ.

ಸಂಜೆಗೆ ಧಾರವಾಡ ಬಂತು, ಕರಕರ ಇರಲಿಲ್ಲ. ಸಣ್ಣಗೆ ಸುಯ್ ಎನ್ನುವುದೊಂದು ಉಳಿದಿತ್ತು. ದೂರದ ಸ್ಟೇಷನ್ ಸ್ಟೀರಿಯೋದಲ್ಲಿ ಹೀಗೆ ಸುಯ್ಗುಡುವುದುಂಟು, ಮೋನೋಗೆ ಹಾಕಿದರೆ ತಿಳಿಯಾಗುತ್ತದೆ. ಸ್ಟೀರಿಯೋದ ಕೆಂಪು ದೀಪ ಆರಿದ್ದಕ್ಕೆ ಮಲ್ಲೇಶಪ್ಪನವರು ಮುಖ ಸಣ್ಣದು ಮಾಡಿದರು. "ದೀಪ ನೋಡೂದೋ, ಹಾಡು ಕೇಳೂದೋ?" ಎಂದೆ. ನಕ್ಕುಬಿಟ್ಟರು.

ಭಾನುವಾರ ನಾನೂ ಹೋದೆ. ಕರೆದಿದ್ದರು ಅನ್ನುವುದು ನೆಪ, ನನಗೇ ತಡೆಯಲಾಗಲಿಲ್ಲ. ಗಿರಿಜವ್ವ ರೊಟ್ಟಿಯ ಹಿಟ್ಟಿನ ಕೈಯಲ್ಲಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದರು, ಪಡಸಾಲೆಗೆ ಬರಲಿಲ್ಲ. ಹಾರ್ಮೋನಿಯಂ ಶುರುವಾಯಿತು, ತಾಳ ಸೇರಿತು, ಆಮೇಲೆ ಆ ದನಿ. ತುಂಬಿದ, ಸ್ವಲ್ಪ ಒರಟಾದ, ಬಯಲಿನಲ್ಲಿ ಹಾಡಿ ಪಳಗಿದ ದನಿ. ಮಲ್ಲೇಶಪ್ಪನವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಪಲ್ಲವಿ ದಾಟಿ ಮೊದಲ ನುಡಿ ಮುಗಿಯುವಷ್ಟರಲ್ಲಿ ಗಿರಿಜವ್ವ ಬಂದು ಟ್ಯೂನರಿನ ಮುಂದೆ ನೆಲದ ಮೇಲೆ ಕೂತಿದ್ದರು.

ಹಾಡು ಮುಗಿಯಿತು. ನಾವಿಬ್ಬರೂ ಅವರ ಮುಖವನ್ನೇ ನೋಡುತ್ತಿದ್ದೆವು.

"ಎರಡನೇ ನುಡಿಯಾಗ ಉಸುರು ಸಾಲಲಿಲ್ಲ," ಎಂದರು. ಕೈಗಂಟಿದ ಹಿಟ್ಟನ್ನು ಉಜ್ಜಿಕೊಳ್ಳುತ್ತ, "ಅವಸರ ಮಾಡೇನಿ. ಮುಂದಿನ ಸಲ ಹಂಗ ಆಗಾಕ ಬಿಡಂಗಿಲ್ಲ," ಎಂದು ಎದ್ದು ಹೋದರು.

ದನಿ ಸರಿಯಿಲ್ಲ ಎಂದು ಯಾರಾದರೂ ಹೇಳಿದರೆ ನಾನೀಗ ಮೊದಲು ಕೇಳುವುದು, ನೀವು ಅದನ್ನು ಕೇಳಿದ್ದು ಯಾವುದರಲ್ಲಿ ಎಂದು. ನಡುವಿನ ಯಂತ್ರದ ದೋಷವನ್ನು ಹಾಡುವವರ ತಲೆಗೆ ಕಟ್ಟಬಾರದು. ಇಷ್ಟು ವರ್ಷದ ಕಸುಬು ಕಲಿಸದಿದ್ದ ಇದನ್ನು ಅಂದು ಆ ಮನೆ ನನಗೆ ಕಲಿಸಿತು.

ಊಟ ಮಾಡದೆ ಹೋಗಲು ಅವರು ಬಿಡಲಿಲ್ಲ. ಕೈ ತೊಳೆದು ಪಡಸಾಲೆಯಲ್ಲಿ ಕೂತೆವು. ರೊಟ್ಟಿ ಬಡಿಯುವ ಸಪ್ಪಳದ ಜೊತೆಗೆ ಒಳಗಿನಿಂದ ಅದೇ ಎರಡನೇ ನುಡಿ ಕೇಳಿಬಂತು. ಉಸಿರು ಈ ಸಲ ಕೊನೆಯ ತನಕ ಸಾಕಾಗಿತ್ತು.