ತನ್ನ ಹಾಡನ್ನು ತಾನೇ ನಿಲ್ಲಿಸುವ ಮೆದೆರ್

ಬಿಷ್ಕೆಕ್ ಊರಲ್ಲಿ ಹಾಡು ಕಟ್ಟುವವರಿಗೇನು ಬರವಿಲ್ಲ. ಎಲ್ಲರೂ ತಮ್ಮ ಹಾಡು ಕೇಳಿ ಕೇಳಿ ಎಂದು ದುಂಬಾಲು ಬೀಳುವವರೇ. ನನ್ನ ಹಾಡು ನಿಲ್ಲಿಸಿ ಎಂದು ಬೇಡಿಕೊಂಡು ತಿರುಗುವವನು ಒಬ್ಬನೇ, ನಮ್ಮ ತುಂಗೂಚ್ ಬಡಾವಣೆಯ ಮೆದೆರ್. ಮರ್ಶ್ರುತ್ಕಾ ಎಂಬ ಬಾಡಿಗೆ ವ್ಯಾನು ಹತ್ತುತ್ತಾನೆ, ಅದರ ಡಬ್ಬಿಯಿಂದ ಆ ಹಾಡು ಬರುತ್ತಿದ್ದರೆ ಸಾಕು, ಜನರ ಕಾಲು ತುಳಿದುಕೊಂಡು ಡ್ರೈವರನ ಹತ್ತಿರ ಹೋಗುತ್ತಾನೆ.

"ಬಾಯ್ಕೆ, ಅಣ್ಣಾ, ಅದೊಂದು ಆಫ್ ಮಾಡ್ತೀರಾ?"

"ಯಾಕಪ್ಪಾ, ವ್ಯಾನು ನಿಮ್ಮಪ್ಪಂದಾ? ಒಳ್ಳೇ ಹಾಡು. ನನ್ ಮಗಳು ಹಾಕ್ಕೊಟ್ಟಿದ್ದು."

"ಒಳ್ಳೇ ಹಾಡೇ ಅಣ್ಣಾ. ಆದ್ರೂ ಆಫ್ ಮಾಡಿ."

ಕೆಲವರು ಪಾಪ ಎಂದು ಆಫ್ ಮಾಡುತ್ತಾರೆ. ಕೆಲವರು ಇವನನ್ನೇ ಇಳಿಸಿ ಮುಂದೆ ಹೋಗುತ್ತಾರೆ. ಇಳಿದು ನಡೆಯುತ್ತಾನೆ. ಅವನಿಗೆ ತಲೆ ಕೆಟ್ಟಿದೆ ಎನ್ನುವವರಿದ್ದಾರೆ. ಕೆಟ್ಟಿದ್ದರೆ ಎಷ್ಟೋ ಚೆನ್ನಾಗಿತ್ತು, ಮಲಗಿದ ತಕ್ಷಣ ನಿದ್ದೆಯಾದರೂ ಬರುತ್ತಿತ್ತು.

ಮೆದೆರ್ ಮದುವೆ ಹಾಲಿನಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವವನು. ದೇವರು ಅವನಿಗೆ ಕಿವಿ ಕೊಟ್ಟ, ನಾಲಿಗೆ ಕೊಡಲಿಲ್ಲ. ನಾಲ್ಕು ಜನರೆದುರು ಹೆಸರು ಹೇಳೆಂದರೂ ಬೆವರುತ್ತಾನೆ. ನಾಲಿಗೆ ಇದ್ದದ್ದು ಅವನ ಗೆಳೆಯ ತಾಲಾಯ್‌ಗೆ. ಆ ಹುಡುಗ ಬಾಯಿ ತೆರೆದರೆ ಹುರಿದ ಜೋಳ ಸಿಡಿದ ಹಾಗೆ ಮಾತು ಪಟಪಟ ಬೀಳುತ್ತಿತ್ತು. ಮೂರನೆಯವನು ಜೋಲ್ದೋಶ್, ಅವನಿಗೆ ಒಂದು ಕಂಪ್ಯೂಟರೂ ಊರು ತುಂಬ ಪರಿಚಯವೂ ಇತ್ತು. ಮೂವರೂ ಸೇರಿ ಕಟ್ಟಿದ ರ‍್ಯಾಪ್ ತಂಡಕ್ಕೆ 'ಜೆರ್ ಅಲ್ದಿ' ಎಂದು ಹೆಸರಿಟ್ಟರು, ಅಂದರೆ ನೆಲದಡಿ. ಸುಳ್ಳಲ್ಲ, ಅವರು ಹಾಡುತ್ತಿದ್ದದ್ದು ನೆಲದಡಿಯಲ್ಲೇ. ತಾಲಾಯ್‌ನ ತಾಯಿ, ಎಲ್ಲರೂ ಅಪಾ ಅಂದರೆ ಅಮ್ಮ ಎಂದು ಕರೆಯುವ ಕಾಲಿಪಾ, ಇದ್ದ ಒಂಬತ್ತಂತಸ್ತಿನ ಕಟ್ಟಡದ ಕೆಳಗೆ, ಅವಳು ಚಳಿಗಾಲಕ್ಕೆ ಆಲೂಗಡ್ಡೆ, ಉಪ್ಪುಕೋಸಿನ ಜಾಡಿ ಇಡುವ ಗೂಡಿನಲ್ಲಿ. ಟೀವಿಯವರು ಕರೆದರೂ ಹೋಗುವುದಿಲ್ಲ ಎಂದು ಮೂವರೂ ಆಣೆ ಮಾಡಿದ್ದರು. ಟೀವಿಯವರು ಕರೆಯಲೂ ಇಲ್ಲ ಅನ್ನಿ.

ಗೂಡಿನ ಗೋಡೆ ಧ್ವನಿಯನ್ನು ವಾಪಸು ಎಸೆಯುತ್ತದೆ ಎಂದು ಮೆದೆರ್ ಗೊಣಗಿದಾಗ ಕಾಲಿಪಾ ಅಪಾ ತನ್ನ ತವರಿನ ಉಣ್ಣೆ ಜಮಖಾನವನ್ನೇ ಎಳೆದು ತಂದು ಕೊಟ್ಟಳು. "ತಗೊಳ್ರೋ, ಹೇಗೂ ಹುಳ ತಿಂದಿದೆ. ಇದನ್ನಾದ್ರೂ ಗೋಡೆಗೆ ಹೊಡ್ಕೊಂಡು ನಿಮ್ ಗಲಾಟೆ ಮೇಲಕ್ಕೆ ಬರದ ಹಾಗೆ ಮಾಡಿ. ಆಲೂಗಡ್ಡೆ ಮೊಳಕೆ ಒಡೀತಿದೆ ನಿಮ್ ಕಿರುಚಾಟಕ್ಕೆ!" ಬೈಯುತ್ತಲೇ ಬಿಸಿ ಸೂಪು ಕೆಳಗೆ ಕಳಿಸುತ್ತಿದ್ದಳು. ಮೆದೆರ್ ಅವಳ ಮನೆಯ ಎಷ್ಟು ಉಪ್ಪು ತಿಂದಿದ್ದಾನೋ ಲೆಕ್ಕವಿಲ್ಲ.

ಆ ಚಳಿಗಾಲದ ಒಂದು ಬೆಳಿಗ್ಗೆ ಅವಳಿಗೆ ತಲೆನೋವು. ತಾಲಾಯ್ ಅಡುಗೆಮನೆಯಲ್ಲಿ ಹೊಸ ಸಾಲುಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದ. "ಆಚೆ ಹೋಗಿ ಬೊಗಳೋ!" ಎಂದಳು. ಅವನು ನಗುತ್ತ ಟೋಪಿ ಹಾಕಿಕೊಂಡು ಆಚೆ ಹೋದ. ರಸ್ತೆಯಲ್ಲಿ ಹಿಮ ಗಾಜಿನಂತೆ ಗಟ್ಟಿಯಾಗಿತ್ತು. ಒಂದು ಕಾರು ಜಾರಿತು. ಅಷ್ಟೇ.

ಅಂಗಳದಲ್ಲಿ ಉಣ್ಣೆಯ ಗುಡಾರ ಎದ್ದಿತು. ಒಳಗೆ ಹೆಂಗಸರು ಗೋಡೆಗೆ ಮುಖ ಮಾಡಿ, ಬೆನ್ನು ತಿರುಗಿಸಿ ಕೂತು ಕೊಶೋಕ್ ಹಾಡುತ್ತಿದ್ದರು. ಸತ್ತವರನ್ನು ಕರೆದು ಕರೆದು ಅಳುವ ಹಾಡು ಅದು. ಗಂಡಸರು ಹೊರಗೆ ಗುಡಾರಕ್ಕೆ ಒರಗಿ, ಬಂದವರನ್ನು ಕಂಡಾಗಲೆಲ್ಲ ದನಿ ತೆಗೆದು ಅಳುತ್ತಿದ್ದರು. ಮೆದೆರ್ ಕೂಡ ಅಳುತ್ತಿದ್ದ, ಅದರಲ್ಲಿ ಮೋಸವಿರಲಿಲ್ಲ. ಆಗ ಒಳಗಿನಿಂದ ಕಾಲಿಪಾ ಅಪಾಳ ದನಿ ಬಂತು.

"ಆಚೆ ಹೋಗಿ ಬೊಗಳೆಂದೆನಲ್ಲ, ಕುಲುನಮ್,
ಆಚೆ ಅನ್ನೋದು ಇಷ್ಟು ದೂರವೇನೋ..."

ಕುಲುನಮ್ ಅಂದರೆ ನನ್ನ ಕುದುರೆಮರಿ. ಅಂಗಳದಲ್ಲಿದ್ದವರ ಕರುಳು ಕಿತ್ತು ಬಂತು. ಮೆದೆರ್‌ಗೂ ಬಂತು. ಆದರೆ ಅದರ ಬೆನ್ನಿಗೇ ಅವನ ಕಿವಿ ಎದ್ದು ಕೂತಿತು. ಎಂಥ ದನಿ! ಉಣ್ಣೆ ಸುತ್ತಲೂ ಇದ್ದು ಒಂದಿಷ್ಟೂ ಪ್ರತಿಧ್ವನಿಯಿಲ್ಲ, ನಮ್ಮ ಗೂಡಿಗಿಂತ ಚೆನ್ನಾಗಿದೆ ಎಂದು ಅದು ಲೆಕ್ಕ ಹಾಕಿತು. ಕಣ್ಣೀರು ಯಾವಾಗ ನಿಂತಿತೋ ಅವನಿಗೇ ಗೊತ್ತಾಗಲಿಲ್ಲ. ರೆಕಾರ್ಡಿಂಗ್ ಒತ್ತಿದ ಫೋನನ್ನು ಅಂಗಿಯ ತೋಳೊಳಗೆ ಇಟ್ಟುಕೊಂಡು, ಅಳುವವನಂತೆ ತಲೆ ಬಗ್ಗಿಸಿ, ಗುಡಾರಕ್ಕೆ ಕೈ ಒತ್ತಿ ಹಿಡಿದ. ಥೂ!

ಗುಡಾರದೊಳಗೆ ಕೂತಿದ್ದ ಹೆಂಗಸರೂ ಆ ಮಾತು ಕೇಳಿದ್ದರು. ಒಬ್ಬಳೂ ಅದನ್ನು ಹೊರಗೆ ತರಲಿಲ್ಲ. ಕೊಶೋಕಿನಲ್ಲಿ ಬಾಯಿಗೆ ಬಂದದ್ದನ್ನು ಆಚೆ ಎತ್ತಿ ಆಡಬಾರದು, ಅದು ನಮ್ಮ ಅಂಗಳದ ಹೆಂಗಸರ ಮರ್ಯಾದೆ. ಗುಡಾರದ ಹೊರಗಿದ್ದವನೊಬ್ಬ ಮಾತ್ರ ಅದನ್ನು ಎತ್ತಿಕೊಂಡು ಹೋದ.

ತಾಲಾಯ್ ಗೂಡಿನಲ್ಲಿ ಹಾಡಿ ರೆಕಾರ್ಡ್ ಮಾಡಿಟ್ಟ ಹಳೆಯ ಸಾಲುಗಳು ಮೆದೆರ್‌ನ ಬಳಿ ಇದ್ದವು. ಅವುಗಳ ನಡುವೆ ತಾಯಿಯ ದನಿ ಕೂಡಿಸಿ, ಕೆಳಗೆ ಬೀಟ್ ಹಾಕಿದ. ಜೋಲ್ದೋಶ್ ಕೇಳಿ ಕಣ್ಣೊರೆಸಿಕೊಂಡು, "ಇದು ತಾಲಾಯ್‌ಗೆ ನಾವು ನೆಟ್ಟ ಕಲ್ಲು ಕಣೋ. ಊರಿಗೆ ಬಿಡೋಣ" ಎಂದ.

"ಅಪಾನ್ನ ಕೇಳ್ಬೇಕಲ್ವಾ?"

"ಕೇಳಿದ್ರೆ ಅಳ್ತಾರೆ. ಅವರನ್ನ ಯಾಕೆ ಮತ್ತೆ ಅಳಿಸ್ತೀಯ?"

ಬೇಕಾಗಿದ್ದ ನೆಪ ಸಿಕ್ಕಿತು. ಬಿಟ್ಟರು. ಹಾಡು ಫೋನಿನಿಂದ ಫೋನಿಗೆ ಹಾರಿ ವ್ಯಾನು, ಕಬಾಬಿನ ಅಂಗಡಿ, ಬಜಾರು ಎಲ್ಲ ಕಡೆ ಸೇರಿತು. ಮೆದೆರ್ ಹಿಗ್ಗಿದ. ಹೌದು, ಹಿಗ್ಗಿದ, ಗೆಳೆಯ ಮಣ್ಣಾಗಿದ್ದಾನೆ, ಇವನು ಕನ್ನಡಿ ನೋಡಿಕೊಂಡು ನಕ್ಕ. ಆ ನಗು ನೆನಪಾದರೆ ಇವತ್ತಿಗೂ ಅವನಿಗೆ ಅನ್ನ ಸೇರುವುದಿಲ್ಲ.

ಚುಚ್ಚಿದ್ದು ಒಂದು ಮದುವೆಯಲ್ಲಿ. ಮದುಮಗಳ ಗೆಳತಿಯರು ಆ ಹಾಡೇ ಬೇಕೆಂದು ಹಟ ಹಿಡಿದರು. ಹಾಕಿದ. 'ಆಚೆ ಹೋಗಿ ಬೊಗಳೆಂದೆನಲ್ಲ' ಎಂಬಲ್ಲಿ ಎಲ್ಲರೂ ಕೈ ಎತ್ತಿ ಕುಣಿದರು. ಸಾವಿಲ್ಲದ ಮನೆಯಲ್ಲಿ ಕೊಶೋಕ್ ಎತ್ತಬಾರದು ಎಂದು ಅಜ್ಜಿಯರು ಬಾಯಿ ಬಡಿದುಕೊಳ್ಳುತ್ತಾರೆ, ಇಲ್ಲಿ ಮದುಮಗಳೇ ಎತ್ತುತ್ತಿದ್ದಳು. ಧ್ವನಿ ಏರಿಸುತ್ತಿದ್ದದ್ದು ಮೆದೆರ್‌ನದೇ ಬೆರಳು.

ಅಂದಿನಿಂದ ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ಕಾಲಿಪಾ ಅಪಾ ಬಟನ್ ಫೋನಿನವಳು, ದುಃಖದ ವರ್ಷವಾದ್ದರಿಂದ ರೊಟ್ಟಿ ಅಂಗಡಿ ಬಿಟ್ಟರೆ ಎಲ್ಲಿಗೂ ಹೋಗುತ್ತಿರಲಿಲ್ಲ. ಅವಳಿಗೆ ಇನ್ನೂ ಗೊತ್ತಿಲ್ಲ. ಬೇರೆಯವರಿಂದ ಗೊತ್ತಾಗುವ ಮೊದಲು ತಾನೇ ಹೇಳಬೇಕು. ವರ್ಷ ತುಂಬಿದ ದಿನ ಆಶ್ ಎಂಬ ದೊಡ್ಡ ಊಟ ಹಾಕುತ್ತಾರೆ. ಅಂದು ತಾಯಿ ಕೊನೆಯ ಸಲ ಕೊಶೋಕ್ ಹೇಳಿ ಮುಗಿಸುತ್ತಾಳೆ, ಆಮೇಲೆ ಅಳುವಂತಿಲ್ಲ. ಅದರೊಳಗೆ ಹೇಳಿಬಿಡಬೇಕು. ಅವಳ ಮನೆಗೆ ಹೋಗುತ್ತಿದ್ದ, ಕೂರುತ್ತಿದ್ದ.

"ಏನೋ ಹೇಳ್ಬೇಕು ಅಂತ ಬಂದ ಹಾಗಿದೆ?" ಎನ್ನುತ್ತಿದ್ದಳು ಅಪಾ.

"ಏನಿಲ್ಲ ಅಪಾ. ನಿಮ್ಮ ನಲ್ಲಿ ಸೋರ್ತಿದೆ, ಸರಿ ಮಾಡ್ಲಾ?"

ನಲ್ಲಿ ಸರಿಯಾಯಿತು. ಬಾಗಿಲು, ಕಿಟಕಿ ಎಲ್ಲ ಸರಿಯಾದವು. ಆ ಮಾತೊಂದು ಬಾಕಿ ಉಳಿಯಿತು.

ಆಶ್ ದಿನ ಬಂತು. ಅಂಗಳದಲ್ಲಿ ಮತ್ತೆ ಗುಡಾರ, ಕಡಾಯಿಗಳಲ್ಲಿ ಕುದುರೆ ಮಾಂಸ, ತಟ್ಟೆ ತುಂಬ ಬೋರ್ಸೋಕ್ ಎಂಬ ಕರಿದ ಹಿಟ್ಟಿನ ತುಣುಕು. ಗಂಡಸರು ಹೊರಗೆ ಸುಮ್ಮನೆ ನಿಂತರು. ಒಳಗೆ ಕಾಲಿಪಾ ಅಪಾ ಗೋಡೆಗೆ ಮುಖ ಮಾಡಿ ದನಿ ಎತ್ತಿದಳು.

"ಆಚೆ ಹೋಗಿ ಬೊಗಳೆಂದೆನಲ್ಲ, ಕುಲುನಮ್..."

ಅಂಗಳದ ಮೂಲೆಯಲ್ಲಿ ಆಡುತ್ತಿದ್ದ ಮಕ್ಕಳು ಕಿವಿ ನಿಮಿರಿಸಿ, ಚಪ್ಪಾಳೆ ತಟ್ಟಿ ಮುಂದಿನ ಸಾಲು ಹಾಡಿಬಿಟ್ಟವು. "ಆಚೆ ಅನ್ನೋದು ಇಷ್ಟು ದೂರವೇನೋ! ಹೇಯ್!"

ಪರದೆ ಸರಿಸಿ ಕಾಲಿಪಾ ಅಪಾ ಹೊರಗೆ ಬಂದಳು. "ಯಾರ್ ಹೇಳ್ಕೊಟ್ರು ನಿಮ್ಗೆ?"

ಒಂದು ಚೋಟುದ್ದದ ಹುಡುಗಿ ಮುಖವರಳಿಸಿ, "ಇದು ಜೆರ್ ಅಲ್ದಿ ಹಾಡು ಅಜ್ಜೀ! ನಿಮ್ಗೂ ಬರತ್ತಾ?" ಎಂದಳು.

ಅಪಾ ಒಂದೊಂದೇ ಮುಖ ನೋಡುತ್ತ ಮೆದೆರ್‌ನ ಬಳಿ ನಿಂತಳು. ಹೇಳಬೇಕಾದ್ದೇನೂ ಉಳಿದಿರಲಿಲ್ಲ. ಅವಳು ವಾಪಸು ಒಳಗೆ ಹೋದಳು. ಕೊಶೋಕ್ ಮತ್ತೆ ಏಳಲಿಲ್ಲ. ಅರ್ಧಕ್ಕೇ ನಿಂತದ್ದು ನಿಂತೇಹೋಯಿತು.

ನೆಂಟರೆಲ್ಲ ಹೋದ ಮೇಲೆ ಮೆದೆರ್ ಅವಳ ಅಡುಗೆಮನೆಯಲ್ಲಿ ತಲೆ ತಗ್ಗಿಸಿ ಕೂತ. "ತಪ್ಪಾಯ್ತು ಅಪಾ. ಹೊಡೀರಿ."

"ಹೊಡೆದ್ರೆ ನಿಂಗೆ ಹಗುರ ಆಗತ್ತೆ. ನಂಗೇನಾಗತ್ತೆ? ಆ ಮಾತು ನಾನು ನನ್ ಮಗನಿಗೆ ಹೇಳ್ಕೊಂಡಿದ್ದು. ಊರಿಗಲ್ಲ. ಇವತ್ತು ಅದನ್ನ ಅವನಿಗೆ ಒಪ್ಪಿಸಿ ಮುಗಿಸ್ಬೇಕಿತ್ತು. ಮುಗಿಸೋಕೆ ಬಿಡ್ಲಿಲ್ವಲ್ಲೋ ನೀನು."

"ಅಳಿಸಿಹಾಕ್ತೀನಿ ಅಪಾ."

"ಎಲ್ಲರ ಫೋನಿಂದ್ಲೂ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

"ಹಾಗಾದ್ರೆ ಕೇಳಿಸಿದಲ್ಲೆಲ್ಲ ಹೋಗಿ ನಿಲ್ಲಿಸು" ಎಂದು ಅವಳು ಅವನ ಬಟ್ಟಲಿಗೆ ಕಂಠಮಟ್ಟ ಚಹ ಸುರಿದಳು. ನಮ್ಮಲ್ಲಿ ಬೇಕಾದವರಿಗೆ ಬಟ್ಟಲು ತುಂಬುವುದಿಲ್ಲ. ಸ್ವಲ್ಪ ಸ್ವಲ್ಪ ಬಗ್ಗಿಸುತ್ತ ಕೂರಿಸಿಕೊಳ್ಳುತ್ತಾರೆ. ತುಂಬಿಕೊಟ್ಟರೆ ಕುಡಿದು ಏಳು ಎಂದರ್ಥ. ಆ ಮನೆಯಲ್ಲಿ ಅವನಿಗೆ ತುಂಬಿದ ಬಟ್ಟಲು ಬಂದದ್ದು ಅದೇ ಮೊದಲು. ಕುಡಿದು ಎದ್ದ.

ಜೋಲ್ದೋಶ್ ಜಗಳವಾಡಿ ತಂಡ ಬಿಟ್ಟ. ಗೂಡಿಗೆ ಬೀಗ ಬಿತ್ತು. ಸತ್ತವರ ಹೆಸರಲ್ಲಿ ಬೋರ್ಸೋಕ್ ಕರಿಯುವ ಶುಕ್ರವಾರ ಮಾತ್ರ ಮೆದೆರ್ ರೊಟ್ಟಿ ಹಿಡಿದುಕೊಂಡು ಅವಳ ಬಾಗಿಲಿಗೆ ಹೋಗುತ್ತಾನೆ. ಅವಳು ಬೇಡ ಎಂದಿಲ್ಲ. "ಈ ವಾರ ಕೇಳಿಸ್ತಾ?" ಎನ್ನುತ್ತಾಳೆ. "ಇಲ್ಲ ಅಪಾ" ಎನ್ನುತ್ತಾನೆ, ವ್ಯಾನಿನಿಂದ ಇಳಿಸಿಕೊಂಡು ಬಂದ ದಿನವೂ. ಅವಳ ನೋವು ಕಡಿಮೆಯಾಗಲಿ ಎಂದೋ, ತನ್ನ ಹೆದರಿಕೆಗೋ, ಅವನಿಗೇ ಗೊತ್ತು. ಪ್ರತಿ ಸಲ ಬಟ್ಟಲು ತುಂಬಿ ತುಳುಕುತ್ತದೆ.

ಹೋದ ಶುಕ್ರವಾರ ಅವನಿಗೆ ಸುಳ್ಳು ಹೊರಡಲಿಲ್ಲ.

"ಕೇಳಿಸ್ತು ಅಪಾ. ನಮ್ ಹಾಲಲ್ಲೇ, ಯಾರೋ ಹಾಕಿದ್ರು. ನಿಲ್ಲಿಸೋಕೆ ಅಂತ ಓಡಿದೆ. ಅಷ್ಟರಲ್ಲಿ ತಾಲಾಯ್ ಹಾಡೋ ಭಾಗ ಬಂತು. ಕೈ ಬರಲಿಲ್ಲ. ಪೂರ್ತಿ ಕೇಳ್ದೆ. ತಪ್ಪಾಯ್ತು."

ಅಪಾ ಎಣ್ಣೆಯಲ್ಲಿ ಬೋರ್ಸೋಕ್ ತಿರುವುತ್ತ ನಿಂತಿದ್ದಳು. ಒಲೆ ಆರಿಸಿದಳು.

"ಹೇಗಿತ್ತೋ ಅವನ ದನಿ?"

"ನಗ್ತಾ ಇದ್ದ ಅಪಾ. ಹಾಡ್ತಾ ಹಾಡ್ತಾ ನಡುವೆ ನಗ್ತಾನಲ್ಲ, ಹಾಗೆ."

ಅವಳು ಚಹದ ಪಾತ್ರೆ ಎತ್ತಿಕೊಂಡು ಅವನ ಬಟ್ಟಲಿಗೆ ಬಗ್ಗಿಸಿದಳು. ಅರ್ಧಕ್ಕೇ ನಿಲ್ಲಿಸಿದಳು. ಮೆದೆರ್‌ಗೆ ಅದನ್ನು ಕುಡಿಯಲು ಆಗಲಿಲ್ಲ.