ಕಡೆಯ ಹನ್ನೆರಡು ಕಿಲೋಮೀಟರ್

ನಡೆಯುವುದೆಂದರೆ ನನಗಾಗದು. ಇದನ್ನು ಮದುವೆಗೆ ಮೊದಲೇ ಹೇಳಬೇಕಿತ್ತೋ ಏನೋ. ದೋಹಾದಲ್ಲಿ ಮನೆಯಿಂದ ಕಾರಿಗೆ, ಕಾರಿನಿಂದ ಆಫೀಸಿಗೆ, ಅಷ್ಟೇ ನನ್ನ ನಡಿಗೆ. ಹೆಂಡತಿ ಹಾಗಲ್ಲ. ಅಲ್ ಥುಮಾಮಾದ ನಮ್ಮ ಫ್ಲ್ಯಾಟಿನ ಹತ್ತಿರದ ಪಾರ್ಕಿನಲ್ಲಿ ಬೆಳಿಗ್ಗೆ ಸುತ್ತು ಹಾಕಲು ಹೊರಟವಳು ಎರಡು ಚಳಿಗಾಲದೊಳಗೆ ಮರುಭೂಮಿ ನಡಿಗೆಯ ಗುಂಪೊಂದಕ್ಕೆ ಸೇರಿಯೇಬಿಟ್ಟಳು. ಮನೆ ತುಂಬ ಬೂಟು, ಕೋಲು, ಬೆನ್ನಿನ ಚೀಲ. ಸಿಟ್ಟು ಬರುತ್ತಿತ್ತು. ನನ್ನ ಶುಕ್ರವಾರದ ರಜೆಯ ನಿದ್ದೆಗೆ ಅಡ್ಡಿಯಿಲ್ಲವಲ್ಲ ಎಂದು ಸುಮ್ಮನಿದ್ದೆ.

ಅವಳ ಸಿಟ್ಟು ಬೇರೆಯದು. ನಮ್ಮ ಕಪಾಟಿನ ಮೇಲೆ, ಮೈಕ್ರೋವೇವ್ ಬಂದ ರಟ್ಟಿನ ಪೆಟ್ಟಿಗೆ ಹನ್ನೊಂದು ವರ್ಷದಿಂದ ಕೂತಿತ್ತು. ಊರಿಗೆ ಕಾಯಂ ಹೋಗುವಾಗ ಬೇಕಾಗುತ್ತದೆ ಎಂದು ನಾನೇ ಇಟ್ಟದ್ದು. ಇಲ್ಲಿ ನಮ್ಮವರ ಮನೆಗಳಲ್ಲಿ ಇಂಥದೊಂದು ಪೆಟ್ಟಿಗೆ ಇದ್ದೇ ಇರುತ್ತದೆ. ಹೋಗುವುದು ಯಾವಾಗ ಎಂದು ಕೇಳಿದರೆ ಮುಂದಿನ ವರ್ಷ. ಹೇಗೂ ಹೋಗುವವರಲ್ಲವೇ ಎಂದು ನಾನು ಕಿಟಕಿಗೆ ಒಳ್ಳೆಯ ಪರದೆ ಹಾಕಿಸಲಿಲ್ಲ, ಬಾಲ್ಕನಿಯಲ್ಲಿ ಗಿಡ ಇಡಲು ಬಿಡಲಿಲ್ಲ. ಅವಳು ಹೊಲಿಗೆ ಕ್ಲಾಸು ಶುರು ಮಾಡುತ್ತೇನೆಂದಾಗಲೂ, "ಎಂತಕ್ಕೆ ಮಾರಾಯ್ತಿ, ಮುಂದಿನ ವರ್ಷ ಬಿಡ್ಬೇಕಲ್ಲ" ಎಂದಿದ್ದೆ.

ಕಳೆದ ಡಿಸೆಂಬರಿನಲ್ಲಿ ಒಂದು ಸಂಜೆ ಚಹಾದ ಲೋಟ ಕೆಳಗಿಟ್ಟು ಹೇಳಿದಳು, "ನಾನು ಊರಿಗೆ ಹೋಗ್ತೇನೆ. ನೀವು ಬರುವಾಗ ಬನ್ನಿ."

"ಎಂತ ಆಯ್ತು ಈಗ?"

"ನಿಮ್ದು ಎಲ್ಲದಕ್ಕೂ ಒಂದು ಕಾಲು ಒಳಗೆ, ಒಂದು ಕಾಲು ಹೊರಗೆ. ನನಗೆ ಸಾಕಾಯ್ತು. ದೋಹಾದಿಂದ ಪಶ್ಚಿಮಕ್ಕೆ, ಆಚೆ ಕಡೆಯ ಸಮುದ್ರದವರೆಗೆ ನಡೆಯುವ, ನಾವಿಬ್ಬರೇ, ಮೂರು ದಿನ. ಒಂದು ಕೆಲಸ ಒಟ್ಟಿಗೆ ಪೂರ್ತಿ ಮಾಡಿದ್ರೆ ನಾನು ಇರ್ತೇನೆ."

ಇದೆಂಥ ಕರ್ಮ! ಹೆಂಡತಿ ಜೊತೆಗಿರಬೇಕಾದರೆ ಎಪ್ಪತ್ತು ಕಿಲೋಮೀಟರ್ ನಡೆಯಬೇಕಂತೆ. ಗೊಣಗಿಕೊಂಡೇ ಒಪ್ಪಿದೆ. ಹೊರಡುವ ಹಿಂದಿನ ವಾರ ಕಾರಿನಲ್ಲಿ ಹೋಗಿ ದಾರಿಯಲ್ಲಿ ಮೂರು ಕಡೆ ನೀರಿನ ಕ್ಯಾನು ಹೂತೆವು. ಗುರುತಿಗೆಂದು ಅವಳು ಅದರ ಮೇಲೆ ಕಲ್ಲು ಪೇರಿಸಿದಳು.

ಗುರುವಾರ ರಜೆ ಹಾಕಿ ಹೊರಟೆವು. ಆ ಕಡೆ ಮರಳಿಗಿಂತ ಜಲ್ಲಿಕಲ್ಲೇ ಜಾಸ್ತಿ. ಮಧ್ಯಾಹ್ನದೊಳಗೆ ಹಿಮ್ಮಡಿಯಲ್ಲಿ ಬೊಬ್ಬೆ ಎದ್ದಿತು. ಅವಳು ಹೇಳಿದ ಬೂಟು ನಾನು ಕೊಂಡಿರಲಿಲ್ಲ, ಆ ಸಿಟ್ಟನ್ನೂ ಅವಳ ಮೇಲೆಯೇ ತೀರಿಸಿಕೊಂಡೆ. ಅವಲಕ್ಕಿ ಒಣಕಲು ಎಂದೆ, ಡೇರೆ ಇಕ್ಕಟ್ಟು ಎಂದೆ. ಅವಳು ಮುಂದೆ, ನಾನು ಹಿಂದೆ. ಎರಡನೆಯ ದಿನ ನಾವಾಡಿದ್ದು ಹತ್ತು ಮಾತೂ ಇರಲಿಕ್ಕಿಲ್ಲ. ಅದರಲ್ಲಿ ಆರು ಬೈಗುಳ, ಎಲ್ಲ ನನ್ನವೇ.

ಶನಿವಾರ ಹನ್ನೊಂದಕ್ಕೆ ಸ್ವಲ್ಪ ಮೊದಲು ಮೂರನೆಯ ಕ್ಯಾನು ಸಿಕ್ಕಿತು. ಇನ್ನು ಹನ್ನೆರಡೇ ಕಿಲೋಮೀಟರ್. ಅವಳು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಬೊಬ್ಬೆಗೆ ಪಟ್ಟಿ ಹಾಕಿದಳು. "ನೀವು ಇಷ್ಟು ದೂರ ನಡೀತೀರಿ ಅಂತ ನಾನು ಅಂದ್ಕೊಳ್ಳಲೇ ಇಲ್ಲ" ಎಂದು ನಕ್ಕಳು. ಎಷ್ಟೋ ಸಮಯದ ಮೇಲೆ ಕಂಡ ನಗು. ನನಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಆಗ ಹಾರ್ನ್ ಕೇಳಿಸಿತು.

ನನ್ನ ಆಫೀಸಿನ ಗೆಳೆಯ, ನಮ್ಮ ಮಂಗಳೂರು ಕಡೆಯವನೇ, ಕಾರು ನಿಲ್ಲಿಸಿ ನಗುತ್ತ ಇಳಿದ. "ಯಲ್ಲಾ, ಹೊರಡುವ ಅಣ್ಣ, ಹತ್ತಿ!"

"ನೀವು ಇಲ್ಲಿಗೆ ಹೇಗೆ ಬಂದ್ರಿ?" ಎಂದು ಇವಳು ಕೇಳಿದಳು.

"ಅಣ್ಣ ಹೋದ ವಾರವೇ ಲೊಕೇಶನ್ ಕಳಿಸಿದ್ರಲ್ಲ ಅಕ್ಕ. ಶನಿವಾರ ಹನ್ನೊಂದಕ್ಕೆ ಬಾ, ಅಷ್ಟೊತ್ತಿಗೆ ನಮ್ದು ಖಲಾಸ್ ಆಗಿರ್ತದೆ ಅಂತ."

ಅವಳು ನನ್ನ ಕಾಲನ್ನು ತೊಡೆಯಿಂದ ಕೆಳಗಿಟ್ಟಳು.

"ಸೇಫ್ಟಿಗೆ ಮಾರಾಯ್ತಿ" ಎಂದೆ.

"ಸೇಫ್ಟಿಗಾದ್ರೆ ನನಗೂ ಹೇಳ್ತಿದ್ರಿ. ಹತ್ತಿ, ಹೋಗಿ."

ಬೇಡ ಎನ್ನಬೇಕಿತ್ತು. ಆದರೆ ನನ್ನ ಸಿಟ್ಟು ಕೇಳಬೇಕಲ್ಲ. ಹತ್ತಿ ಅಂದಳಲ್ಲ, ಹತ್ತಿಯೇ ಬಿಡುತ್ತೇನೆ ಎಂದು ಹತ್ತಿ ಕೂತೆ. ಅವಳು ಚೀಲ ಹೆಗಲಿಗೇರಿಸಿ ಹೊರಟಳು. ಕಾರು ಅವಳ ಹಿಂದೆ ತೆವಳಿತು. ನಾಲ್ಕು ಕಿಲೋಮೀಟರ್ ಕಳೆದರೂ ಅವಳು ತಿರುಗಿ ನೋಡಲಿಲ್ಲ.

"ಅಣ್ಣ, ಇಳಿದು ನಡೀರಿ ಮಾರಾಯ್ರೇ," ಎಂದ ಗೆಳೆಯ. "ನನಗೇ ನಾಚಿಕೆ ಆಗ್ತದೆ."

ಇಳಿದೆ. ಕುಂಟಿಕೊಂಡು ಉಳಿದ ಎಂಟು ಕಿಲೋಮೀಟರ್ ನಡೆದೆ, ಆಣೆ ಮಾಡಿ ಹೇಳುತ್ತೇನೆ, ಒಂದು ಹೆಜ್ಜೆಯೂ ಕಡಿಮೆಯಿಲ್ಲ. ನಾನು ಹೋಗಿ ಮುಟ್ಟುವಾಗ ಅವಳು ಬೂಟು ಬಿಚ್ಚಿ ನೀರಿನಲ್ಲಿ ಕಾಲಿಟ್ಟು ನಿಂತಿದ್ದಳು.

"ಮುಗೀತಲ್ಲ" ಎಂದೆ.

"ನಾನು ಮುಗಿಸಿದೆ."

"ನಾಲ್ಕು ಕಿಲೋಮೀಟರಿಗೆ ಇಷ್ಟು ಹಠವಾ?"

"ಕಿಲೋಮೀಟರ್ ಅಲ್ಲ," ಎಂದಳು. "ನಾನು ಅಲ್ಲಿ ಕಲ್ಲು ಪೇರಿಸ್ತಾ ಇದ್ದೆ, ನೀವು ಹಿಂದೆ ನಿಂತು ಲೊಕೇಶನ್ ಕಳಿಸ್ತಾ ಇದ್ರಿ."

ಮುಂದಿನ ಒಂದು ವಾರ ನಾನು ಪರದೆಯ ಅಂಗಡಿಗೆ ಹೋಗೋಣ ಎಂದೆ, ಗಿಡ ತರೋಣ ಎಂದೆ. ಅವಳು ಜಗಳವಾಡಲೂ ಇಲ್ಲ. ಜಗಳವಾಡಿದ್ದರೆ ಎಷ್ಟೋ ವಾಸಿಯಿತ್ತು.

ಶುಕ್ರವಾರ ಎದ್ದು ನೋಡಿದರೆ ಕಪಾಟಿನ ಮೇಲಿನ ಪೆಟ್ಟಿಗೆ ನೆಲದ ಮೇಲಿತ್ತು. ಧೂಳು ಒರೆಸಿ ಅವಳು ತನ್ನ ಸೀರೆಗಳನ್ನು, ಬೂಟುಗಳನ್ನು ತುಂಬಿದ್ದಳು. ಮೇಲೆ ಮಾರ್ಕರಿನಲ್ಲಿ ತನ್ನ ಹೆಸರು, ಊರು ಬರೆದಾಗಿತ್ತು. ನೈಲಾನ್ ಹಗ್ಗ ಎರಡು ಸುತ್ತು ಬಂದಿತ್ತು. ಅಷ್ಟಾದ ಮೇಲೆ ಗಂಟು ಸಡಿಲವಾಗದಂತೆ ಒತ್ತಿ ಹಿಡಿಯಲು ಇನ್ನೊಬ್ಬರು ಬೇಕೇ ಬೇಕು.

"ಇಲ್ಲಿ ಬೆರಳಿಡಿ" ಎಂದಳು.

ಇಟ್ಟೆ. ಅವಳು ಹಗ್ಗ ಬಿಗಿದಳು. ಆ ಒಂದು ಕೆಲಸವನ್ನು ಮಾತ್ರ ಇಬ್ಬರೂ ಸೇರಿ ಪೂರ್ತಿ ಮಾಡಿದೆವು.