ಕೊಯ್ಯುವ ಮೊದಲು ಮರ ತಟ್ಟುವವರು

ಮೇ ಕೊನೆಯ ಒಂದು ಬೆಳಿಗ್ಗೆ ಎಂಟು ಗಂಟೆಗೆ ನಾನು ಹಿಲ್ಲೂರಿನ ನಮ್ಮ ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದೆ. ಎದುರಿನ ಒಣಗಿದ ಮತ್ತಿಮರ ನಮ್ಮತ್ತ ವಾಲಿತ್ತು. ಮಳೆಗಾಳಿಗೆ ಮುರಿದರೆ ದನಗಳ ಮೇಲೆಯೇ ಬೀಳುತ್ತಿತ್ತು.

ಮರ ಕಡಿಯಲು ಬಂದ ಹಿರಿಯರೊಬ್ಬರು ಕತ್ತಿಯ ಹಿಡಿಯಿಂದ ಕಾಂಡವನ್ನು ಮೂರು ಸಲ ತಟ್ಟಿ ಕಿವಿಯಿಟ್ಟರು. ಯಾವ ಮರಕ್ಕಾದರೂ ಹಾಗೆಯೇ. "ಒಳಗಿದ್ದವರನ್ನ ಕೇಳ್ಬೇಕಲ್ಲ," ಎನ್ನುತ್ತಿದ್ದರು.

"ಒಣಮರದಲ್ಲಿ ಯಾರಿರ್ತ್ರು ಮಾರಾಯ್ರೆ, ನಿಮ್ಮ ನೆಂಟ್ರಾ?" ಪಕ್ಕದಲ್ಲಿದ್ದ ಅತ್ತಿಗೆ ನಕ್ಕರು.

ಮೇಲಿನ ಪೊಟರೆಯಿಂದ ಒಂದು ತಲೆ ಹೊರಬಂತು. ಕಪ್ಪು ಹಣೆ, ಅದರ ಮೇಲೆ ಬಿಳಿ ಚುಕ್ಕೆ, ಹಿಂದೆ ಕೆಂಪು ಜುಟ್ಟು.

"ಹೆಣ್ಣು ಮರಕುಟಿಗ. ಗಂಡಾದ್ರೆ ಹಣೆನೂ ಕೆಂಪಿರ್ತದೆ. ಒಳಗೆ ಮರಿ ಇದ್ದಾವೆ," ಎಂದರು ಮರ ಕಡಿಯುವವರು.

ಅವರು ಹಗ್ಗ ಕಟ್ಟಿಕೊಂಡು ಹತ್ತಿ, ಪೊಟರೆಯಿಂದ ಎರಡು ಮೊಳ ಮೇಲೆ ಗರಗಸ ಇಟ್ಟರು. ಕೊಟ್ಟಿಗೆಗೆ ತಾಗುವ ತುದಿಯನ್ನಷ್ಟೇ ತೆಗೆಯುವುದೆಂದು. ಅರ್ಧ ಕೊಯ್ದಾಗ ಬಂಗಾರದ ಬೆನ್ನಿನ ಗಂಡು ಬಂತು. ಬಾಲವನ್ನು ಕಾಂಡಕ್ಕೆ ಊರಿ, ಕುಪ್ಪಳಿಸುತ್ತಾ, ಅವರ ಮೊಣಕಾಲಿನ ಪಕ್ಕದಲ್ಲೇ ಹತ್ತಿತು. ಗರಗಸ ನಿಂತಿತು. ಅರ್ಧ ಕೊಯ್ದ ತುದಿ ಅವರ ತಲೆಯ ಮೇಲೆ ಕಿರುಗುಟ್ಟುತ್ತಿತ್ತು. ಹಕ್ಕಿ ಪೊಟರೆಗೆ ತಲೆಯಿಟ್ಟು, ನಿಧಾನವಾಗಿ ಗುಟುಕು ಕೊಟ್ಟು, ಹಾರಿಹೋಯಿತು. ಅಷ್ಟು ಹೊತ್ತೂ ಅವರು ಅಲುಗಾಡಿದ್ದನ್ನು ನಾನು ಕಾಣಲಿಲ್ಲ.

ಆಮೇಲೆ ತುದಿ ಗದ್ದೆಯತ್ತ ಬಿತ್ತು.

ಈಗ ಆ ಹಿರಿಯರಿಲ್ಲ. ಇದನ್ನು ಕಂಡವರಲ್ಲಿ ನನ್ನ ಹೊರತು ಉಳಿದವರು ಅತ್ತಿಗೆ ಒಬ್ಬರೇ. ಒಣಮರ ಕಂಡರೆ ಈಗ ಅತ್ತಿಗೆಯೂ ಮೂರು ಸಲ ತಟ್ಟಿ ಕಿವಿಯಿಡುತ್ತಾರೆ.